ಅಮ್ಮನ ಮಂಡಿ ನೋವು ಕೋರ್ಟಿಗೆ ಬೇಕಿರಲಿಲ್ಲ

ಮೊದಲ ನೋಟಿಸನ್ನು ನಾನೇ ಬರೆದೆ. ಮೂರು ಪುಟ. ಅಮ್ಮನಿಗೆ ಮಂಡಿ ಸವೆದಿದೆ, ರಾತ್ರಿ ಒಬ್ಬರೇ ಇರೋದು ಕಷ್ಟ, ಮಗಳು ಮೈಸೂರಿನಿಂದ ಬಂದು ಮೇಲಿನ ಮನೆಯಲ್ಲಿ ಇರಬೇಕು, ದಯವಿಟ್ಟು ಎರಡು ತಿಂಗಳಲ್ಲಿ ಮನೆ ಬಿಟ್ಟುಕೊಡಿ ಅಂತ. ಜೊತೆಗೆ ಡಾಕ್ಟರ ಚೀಟಿ, ಎಕ್ಸ್‌ರೇ. ಕೊನೆಗೆ 'ಕರ್ನಾಟಕ ಬಾಡಿಗೆ ಕಾಯ್ದೆ 1999, ಸೆಕ್ಷನ್ 27' ಅಂತ ದಪ್ಪಕ್ಷರದಲ್ಲಿ ಬೇರೆ ಹಾಕಿದ್ದೆ. ಒಂದು ರಾತ್ರಿ ಕೂತು ಓದಿಕೊಂಡ ಕಾನೂನು ಅದು. ಅಮ್ಮನ ಸಹಿ ಹಾಕಿಸಿ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದೆ. ನೀಲಿ ಗೆರೆ ಎರಡೂ ಬಿದ್ದವು. ಉತ್ತರ ಬರಲಿಲ್ಲ.

ಇದು 2022ರ ಫೆಬ್ರವರಿ. ಮನೆ ಬೆಂಗಳೂರಿನ ಬಸವೇಶ್ವರನಗರದಲ್ಲಿದೆ, ಅಮ್ಮನ ಹೆಸರಿನಲ್ಲಿ. ಕೆಳಗೆ ಅಮ್ಮ, ಮೇಲೆ ಬಾಡಿಗೆಯವರು. ಬಾಡಿಗೆ 18,000, ಅಡ್ವಾನ್ಸ್ ಒಂದೂವರೆ ಲಕ್ಷ. 2018ರಲ್ಲಿ 11 ತಿಂಗಳ ಅಗ್ರಿಮೆಂಟ್ ಆಗಿತ್ತು. ಆಮೇಲೆ ಯಾರೂ ಅದನ್ನು ಹೊಸದು ಮಾಡಿಸಲಿಲ್ಲ. ಎಷ್ಟು ಮನೆಗಳಲ್ಲಿ ಮಾಡಿಸ್ತಾರೆ ಹೇಳಿ?

ಅವರು ಕೆಟ್ಟವರೇನಲ್ಲ. ಗಂಡ, ಹೆಂಡತಿ, ಸ್ಕೂಲಿಗೆ ಹೋಗುವ ಇಬ್ಬರು ಮಕ್ಕಳು. ಹಬ್ಬಕ್ಕೆ ಒಬ್ಬಟ್ಟು ಕೆಳಗೆ ಬರುತ್ತಿತ್ತು, ಅಮ್ಮನ ಹಪ್ಪಳ ಮೇಲೆ ಹೋಗುತ್ತಿತ್ತು. ಕೊರೊನಾ ಬಂದಮೇಲೆ ಬಾಡಿಗೆ ಎಳೆಯತೊಡಗಿತು. ಒಂದು ತಿಂಗಳು ಪೂರ್ತಿ, ಇನ್ನೊಂದು ತಿಂಗಳು ಅರ್ಧ, ಮತ್ತೊಂದು ತಿಂಗಳು 'ಅಡ್ವಾನ್ಸಲ್ಲಿ ಹಿಡ್ಕೊಳ್ಳಿ ಆಂಟಿ'. ಖಾಲಿ ಮಾಡಿ ಅಂದರೆ ಮಾತ್ರ ಮುಖ ಬಿಗಿಯುತ್ತಿತ್ತು.

ಅವರಿಗಿಂತ ಮುಂಚೆ ಇದ್ದ ಎರಡು ಸಂಸಾರಗಳು ಹೇಳಿದ ತಿಂಗಳಿಗೆ ಬಿಟ್ಟು ಹೋಗಿದ್ದವು. ಒಬ್ಬರಂತೂ ಹೊಸ ಮನೆಯಲ್ಲಿ ಹಾಲುಕ್ಕಿಸೋಕೆ ಅಮ್ಮನನ್ನು ಕರೆದಿದ್ದರು. ಹಾಗಾಗಿ ಬಾಡಿಗೆಯವರನ್ನು ಬಿಡಿಸೋಕೆ ವಕೀಲರು ಯಾಕೆ ಅನ್ನುವುದೇ ನಮ್ಮ ಧೋರಣೆ. ಕೋರ್ಟಿಗೆ ಹೋಗಿ ವಾದ ಮಾಡೋದಿದ್ದರೆ ತಾನೇ ವಕೀಲರು? ಅಲ್ಲಿವರೆಗೂ ನಾವೇ ನೋಡಿಕೊಳ್ಳೋಣ ಅಂದುಕೊಂಡೆವು.

ನಾವೇ ನೋಡಿಕೊಂಡಿದ್ದು ಹೇಗೆ ಅಂದರೆ, ಮಾರ್ಚ್‌ನಲ್ಲಿ ನನ್ನ ಚಿಕ್ಕಪ್ಪನ ಮಗ ಬಂದ. ಕಾರ್ಪೊರೇಷನ್ ಕಂಟ್ರಾಕ್ಟ್ ಮಾಡುವ ಹುಡುಗ, ಧೈರ್ಯ ಜಾಸ್ತಿ. 'ಎರಡು ದಿನ ನೀರಿಲ್ಲ ಅಂದ್ರೆ ತಾವೇ ಹೋಗ್ತಾರೆ ದೊಡ್ಡಮ್ಮ' ಅಂದವನೇ ತಾರಸಿಗೆ ಹೋಗಿ ಮೇಲಿನ ಮನೆಗೆ ಇಳಿಯುವ ಪೈಪಿನ ವಾಲ್ವ್ ತಿರುಗಿಸಿದ. ಕೆಂಪು ಹಿಡಿಯ ಸಣ್ಣ ಹಿತ್ತಾಳೆ ವಾಲ್ವ್. ಕಾಲು ಸುತ್ತು ಅಷ್ಟೇ. ಅಮ್ಮ ಬೇಡ ಅಂದರು, ನಾನು ಫೋನಿನಲ್ಲಿ 'ನೋಡೋಣ ಬಿಡಮ್ಮ' ಅಂದೆ. ಆ ಮಾತು ನನ್ನದೇ, ತಪ್ಪಿಸಿಕೊಳ್ಳಲ್ಲ.

ಮಾರನೇ ದಿನ ಅವರು 112ಕ್ಕೆ ಫೋನ್ ಮಾಡಿದರು. ಹೊಯ್ಸಳ ಗಾಡಿ ಬಂತು. ಇಡೀ ಬೀದಿ ಬಾಲ್ಕನಿಯಲ್ಲಿ ನಿಂತಿತು. ಪೊಲೀಸರು ವಾಲ್ವ್ ತೆಗೆಸಿದರು, ಎರಡೂ ಕಡೆಯವರಿಗೆ 'ಇದು ಸಿವಿಲ್ ಮ್ಯಾಟರ್, ಕೋರ್ಟಲ್ಲಿ ನೋಡ್ಕೊಳ್ಳಿ' ಅಂತ ಹೇಳಿ ಹೋದರು. ನಾವು ಅದನ್ನು ಬರೀ ಮಾತು ಅಂದುಕೊಂಡೆವು. ಮೇಲಿನ ಮನೆಯವರು ನಿಜವಾಗಿಯೂ ಕೋರ್ಟಿಗೆ ಹೋದರು. ಏಪ್ರಿಲ್‌ನಲ್ಲಿ ಅಮ್ಮನ ಹೆಸರಿಗೆ ಸಮನ್ಸ್ ಬಂತು. ನೀರು, ಕರೆಂಟ್ ನಿಲ್ಲಿಸಿ ನಮ್ಮನ್ನು ಬಲವಂತವಾಗಿ ಹೊರಗೆ ಹಾಕುತ್ತಿದ್ದಾರೆ, ತಡೆಯಾಜ್ಞೆ ಕೊಡಿ ಅಂತ ಸಿಟಿ ಸಿವಿಲ್ ಕೋರ್ಟಿನಲ್ಲಿ ದಾವೆ. ಅದಕ್ಕೆ ದಾಖಲೆ ಏನು ಗೊತ್ತಾ? ಒಣಗಿದ ನಲ್ಲಿಯ ಫೋಟೋ, ಮತ್ತೆ ನನ್ನ ಮೂರು ಪುಟದ ವಾಟ್ಸಾಪ್ ನೋಟಿಸು.

ಮನೆಗೆ ಮಾಲೀಕರು ನಾವು. ಕೇಸಿನಲ್ಲಿ ಪ್ರತಿವಾದಿಯೂ ನಾವೇ. ಆಗ ವಕೀಲರನ್ನು ಹುಡುಕಿದೆವು.

ಪರಿಚಯದವರ ಮೂಲಕ ಒಬ್ಬ ಮಹಿಳಾ ವಕೀಲರು ಸಿಕ್ಕರು. ಗಾಂಧಿನಗರದ ಹಳೇ ಕಟ್ಟಡ, ಎರಡನೇ ಮಹಡಿ, ಲಿಫ್ಟ್ ಇಲ್ಲ. ಅಮ್ಮನನ್ನು ಹತ್ತಿಸುವುದೇ ಒಂದು ಸಾಹಸವಾಯಿತು. ಅವರು ನನ್ನ ಮೂರು ಪುಟವನ್ನು ಪೂರ್ತಿ ಓದಿದರು. ಓದಿ, ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

'ಪಾಪ, ತುಂಬ ಸವೆದಿದೆ. ಆದ್ರೆ ನಿಮ್ಮ ಅಮ್ಮನ ಮಂಡಿ ಕೋರ್ಟಿಗೆ ಬೇಡ.'

ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಸ್ವಂತ ವಾಸಕ್ಕೆ ಬೇಕು, ಬಾಡಿಗೆ ಕೊಟ್ಟಿಲ್ಲ, ಇನ್ನೊಬ್ಬರಿಗೆ ಒಳಬಾಡಿಗೆಗೆ ಕೊಟ್ಟಿದ್ದಾರೆ ಅಂತ ಕಾರಣ ತೋರಿಸಿ, ಅದನ್ನು ರುಜುವಾತು ಮಾಡಬೇಕಾಗಿರುವುದು ಬಾಡಿಗೆ ಕಾಯ್ದೆಯಡಿ. ಆದರೆ ಬೆಂಗಳೂರಿನಂಥ ಊರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಜಾಸ್ತಿ ಬಾಡಿಗೆಯ ಮನೆಗಳಿಗೆ ಆ ಕಾಯ್ದೆ ಲಾಗೂ ಆಗುವುದೇ ಇಲ್ಲ. ನಮ್ಮದು 18,000. ಹಾಗಾಗಿ ನಮಗೆ ಬರುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ ಸೆಕ್ಷನ್ 106ರ ಪ್ರಕಾರ ತಿಂಗಳ ಬಾಡಿಗೆಯನ್ನು 15 ದಿನದ ನೋಟಿಸ್ ಕೊಟ್ಟು ಮುಗಿಸಬಹುದು. ಕಾರಣ ಹೇಳಬೇಕಾಗಿಯೇ ಇಲ್ಲ.

'ನೀವು ಮೂರು ಪುಟ ಕಾರಣ ಬರೆದಿದ್ದೀರ. ಬರೀಬೇಕಾಗಿದ್ದ ಒಂದು ಸಾಲು ಬರೆದಿಲ್ಲ' ಅಂದರು. 'ಬಾಡಿಗೆ ಸಂಬಂಧ ಮುಗಿಸಿದ್ದೇವೆ' ಅನ್ನುವ ಸಾಲು. ನಾನು 'ದಯವಿಟ್ಟು ಬಿಟ್ಟುಕೊಡಿ' ಅಂತ ಬೇಡಿಕೊಂಡಿದ್ದೆ. ಕಾನೂನಿನ ಕಣ್ಣಿಗೆ ಅದು ನೋಟಿಸಲ್ಲ, ಕಾಗದ.

ಅಮ್ಮ ಅಲ್ಲೇ ಕೇಳಿದರು, 'ಹಾಗಾದ್ರೆ ನಾನು ಬರೆಸಿದ್ದೆಲ್ಲ ಸುಮ್ನೆನಾ?' ವಕೀಲರು ನಕ್ಕು, 'ಸುಮ್ನೆ ಅಲ್ಲಮ್ಮ, ಅವರಿಗೆ ಉಪಯೋಗ ಆಗಿದೆಯಲ್ಲ' ಅಂದರು. ಸ್ವಲ್ಪ ಉರಿಯಿತು. ನಿಜವಾಗಿತ್ತು.

ತಡೆಯಾಜ್ಞೆ ಕೇಸು ನಾನು ಹೆದರಿದಷ್ಟು ದೊಡ್ಡದಾಗಲಿಲ್ಲ. ಕಾನೂನಿನ ದಾರಿ ಬಿಟ್ಟು ಬೇರೆ ರೀತಿಯಲ್ಲಿ ಖಾಲಿ ಮಾಡಿಸುವುದಿಲ್ಲ ಅಂತ ನಮ್ಮ ಕಡೆಯಿಂದ ಒಂದು ಹೇಳಿಕೆ ಕೊಟ್ಟರು. ಅದರ ಬಿಸಿ ಇಳಿಯಿತು. ಅವರ ಅಗ್ರಿಮೆಂಟ್ ಅವಧಿ ಮುಗಿದಿದ್ದರೂ, ಬಾಡಿಗೆ ಬಾಕಿ ಇದ್ದರೂ, ಮನೆ ನಮ್ಮದೇ ಆಗಿದ್ದರೂ, ನಾವಾಗೇ ಹೊರಗೆ ಹಾಕಿದರೆ ಅವರು ಆರು ತಿಂಗಳೊಳಗೆ ದಾವೆ ಹಾಕಿ ಮತ್ತೆ ಒಳಗೆ ಬಂದು ಕೂರಬಹುದಂತೆ. ಆಗ ಮನೆ ಯಾರದು ಅನ್ನುವ ಪ್ರಶ್ನೆಯೂ ಬರುವುದಿಲ್ಲ. ಬೀಗ ಹಾಕುವ ಪ್ಲಾನ್ ಕೂಡ ಇದ್ದ ನನ್ನ ತಮ್ಮ ಇದನ್ನು ಕೇಳಿ ಬಾಯಿ ಮುಚ್ಚಿಕೊಂಡ. ಆ ಕೇಸಿಗೆ ವಕೀಲರ ಫೀಸು 15,000. ಕಾಲು ಸುತ್ತು ತಿರುಗಿಸಿದ್ದಕ್ಕೆ.

ಮೇ ತಿಂಗಳಲ್ಲಿ ಸರಿಯಾದ ನೋಟಿಸ್ ಹೋಯಿತು. ಒಂದೇ ಪುಟ. ಮನೆಯ ವಿವರ, ನಾಲ್ಕು ದಿಕ್ಕಿನ ಚೆಕ್ಕುಬಂದಿ, ಬಾಡಿಗೆ ಎಷ್ಟು, ಈ ನೋಟಿಸ್ ತಲುಪಿ 15 ದಿನಕ್ಕೆ ಬಾಡಿಗೆ ಸಂಬಂಧ ಮುಗಿಯುತ್ತದೆ, ಆಮೇಲೂ ಇದ್ದರೆ ಅದು ಬಾಡಿಗೆಯಲ್ಲ, ಇಷ್ಟು ನಷ್ಟ ಕಟ್ಟಿಕೊಡಬೇಕು. ದಯವಿಟ್ಟು ಅನ್ನುವ ಪದ ಎಲ್ಲೂ ಇರಲಿಲ್ಲ. ಅಕ್ನಾಲೆಜ್‌ಮೆಂಟ್ ಇರುವ ರಿಜಿಸ್ಟರ್ಡ್ ಪೋಸ್ಟ್.

ಎರಡು ವಾರಕ್ಕೆ ಕವರು ವಾಪಸ್ ಬಂತು. ಅಮ್ಮನಿಗೆ ನಿರಾಸೆ. 'ತಗೊಂಡೇ ಇಲ್ವಲ್ಲೇ' ಅಂತ ಕವರನ್ನು ಒಡೆಯೋಕೆ ಹೋದರು. ಪುಣ್ಯಕ್ಕೆ ವಕೀಲರು ಮೊದಲೇ ಹೇಳಿದ್ದರು, ಬಂದರೆ ಒಡೆಯಬೇಡಿ ಅಂತ. ಆ ಕವರಿನ ಹಿಂದೆ ಪೋಸ್ಟ್‌ಮ್ಯಾನ್ ಕೆಂಪು ಪೆನ್ನಿನಲ್ಲಿ ಬರೆದ ಷರಾ ಇತ್ತು. ಒಂದರ ಕೆಳಗೊಂದು ತಾರೀಕು, ಪಕ್ಕದಲ್ಲಿ ಬಾಗಿಲು ಹಾಕಿದೆ, ಬಾಗಿಲು ಹಾಕಿದೆ, ಚೀಟಿ ಕೊಟ್ಟಿದೆ, ಕೊನೆಗೆ ತೆಗೆದುಕೊಂಡಿಲ್ಲ. ಸರಿಯಾದ ವಿಳಾಸಕ್ಕೆ ರಿಜಿಸ್ಟರ್ ಪೋಸ್ಟ್ ಮಾಡಿ, ಅವರು ಬೇಕಂತಲೇ ತೆಗೆದುಕೊಳ್ಳದಿದ್ದರೆ ತಲುಪಿದ ಹಾಗೇ ಲೆಕ್ಕ. ಒಡೆಯದ ಆ ಕವರು ಮುಂದೆ ಕೋರ್ಟಿನಲ್ಲಿ ದಾಖಲೆಯಾಯಿತು. ಅಮ್ಮ ಅದನ್ನು ದೇವರ ಮನೆಯ ಕಪಾಟಿನಲ್ಲಿ ಪಂಚಾಂಗದ ಜೊತೆ ಇಟ್ಟಿದ್ದರು.

ಇಷ್ಟಾದರೂ ನಾನು ಇನ್ನೊಂದು ಎಡವಟ್ಟು ಮಾಡಿದೆ. ನೋಟಿಸಿನ ಅವಧಿ ಮುಗಿದ ಮೇಲೆ, ಜೂನ್ 10ಕ್ಕೋ ಏನೋ, ಅಮ್ಮನ ಖಾತೆಗೆ ಫೋನ್‌ಪೇಯಲ್ಲಿ 18,000 ಬಂತು. ಕೆಳಗೆ 'ಜೂನ್ ರೆಂಟ್' ಅಂತ ಬರೆದಿತ್ತು. ಎಷ್ಟೋ ತಿಂಗಳು ಬೇಡಿದರೂ ಬರದ ದುಡ್ಡು ಕೇಳದೇ ಬಂತಲ್ಲ ಅಂತ ಖುಷಿಯಾಗಿ, ಅಮ್ಮನ ಫೋನಿನಿಂದ ನಾನೇ 'ಥ್ಯಾಂಕ್ಸ್' ಅಂತ ಹಾಕಿದೆ. ವಕೀಲರಿಗೆ ಹೇಳಿದಾಗ ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ನೋಟಿಸ್ ಕೊಟ್ಟ ಮೇಲೆ ಬಾಡಿಗೆ ಅಂತ ದುಡ್ಡು ತೆಗೆದುಕೊಂಡರೆ, ನೀವೇ ನೋಟಿಸು ಬಿಟ್ಟುಕೊಟ್ಟಿರಿ, ಬಾಡಿಗೆ ಸಂಬಂಧ ಮುಂದುವರಿದಿದೆ ಅಂತ ಅವರು ವಾದಿಸಬಹುದು. ಅದೇ ಕಾಯ್ದೆಯ ಸೆಕ್ಷನ್ 113. ದುಡ್ಡು ತಗೊಂಡ ಮಾತ್ರಕ್ಕೆ ಎಲ್ಲ ಮುಳುಗಲ್ಲ, ಬಾಡಿಗೆಯವರನ್ನು ಇಟ್ಟುಕೊಳ್ಳುವ ಮನಸ್ಸಿತ್ತಾ ಅಂತ ಕೋರ್ಟ್ ನೋಡುತ್ತದೆ. ಆದರೆ 'ಥ್ಯಾಂಕ್ಸ್' ಅಂದರೆ ಏನು ಮನಸ್ಸು ಹೇಳಿ! ಅವತ್ತೇ ಇನ್ನೊಂದು ಕಾಗದ ಹೋಯಿತು. ಈ ಹಣವನ್ನು ಬಾಡಿಗೆ ಅಂತ ಅಲ್ಲ, ನೀವು ಹಕ್ಕಿಲ್ಲದೆ ಮನೆಯಲ್ಲಿ ಇರುವುದಕ್ಕೆ ಕೊಡಬೇಕಾದ ನಷ್ಟದ ಲೆಕ್ಕಕ್ಕೆ ಹಿಡಿದಿದ್ದೇವೆ ಅಂತ. ಆಮೇಲಿಂದ ಅಮ್ಮನ ಫೋನಿನಲ್ಲಿ ಆ ನಂಬರಿಗೆ ಏನೂ ಬರೆಯಬಾರದು ಅಂತ ನನಗೆ ಕಟ್ಟಪ್ಪಣೆಯಾಯಿತು.

ಜುಲೈನಲ್ಲಿ ದಾವೆ ಹಾಕಿದೆವು. ಬೆಂಗಳೂರಿನಲ್ಲಿ ಇಂಥ ಖಾಲಿ ಮಾಡಿಸುವ ದಾವೆ ಹೋಗುವುದು ಸ್ಮಾಲ್ ಕಾಸಸ್ ಕೋರ್ಟಿಗೆ. ಅಲ್ಲಿ ಮುಖ್ಯ ಪ್ರಶ್ನೆ ಒಂದೇ, ಬಾಡಿಗೆ ಸಂಬಂಧ ಕಾನೂನಿನಂತೆ ಮುಗಿದಿದೆಯೋ ಇಲ್ಲವೋ. ಕೋರ್ಟ್ ಫೀ ಕಟ್ಟುವುದು ಮನೆಯ ಬೆಲೆಯ ಮೇಲಲ್ಲ, ಒಂದು ವರ್ಷದ ಬಾಡಿಗೆಯ ಮೇಲೆ. ನಮ್ಮದರಲ್ಲಿ 2,16,000ಕ್ಕೆ. ಮನೆ ಬೆಲೆಯ ಮೇಲೆ ಲೆಕ್ಕ ಹಾಕಿಕೊಂಡು ಹೆದರಿದ್ದ ಅಮ್ಮ ಅವತ್ತು ರಾತ್ರಿ ಚೆನ್ನಾಗಿ ಮಲಗಿದರಂತೆ.

ಆ ಹೊತ್ತಿಗೆ ನನಗೂ ಸ್ವಲ್ಪ ಕಾನೂನು ಬಂದ ಹಾಗಾಗಿತ್ತು. ಅಮ್ಮನಿಂದ ಪವರ್ ಆಫ್ ಅಟಾರ್ನಿ ತಗೊಂಡು ನಾನೇ ನಿಂತು ಮಾತಾಡಿದರೆ 50,000 ಫೀಸು ಉಳಿಯುತ್ತೆ ಅಂತ ಲೆಕ್ಕ ಹಾಕಿದೆ. ನಾಚಿಕೆ ಬಿಟ್ಟು ಅದನ್ನು ವಕೀಲರನ್ನೇ ಕೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಮನೆ ನಿಮ್ಮ ಹೆಸರಲ್ಲಿದ್ದಿದ್ದರೆ ನಿಮ್ಮ ಕೇಸನ್ನು ನೀವೇ ನಡೆಸಬಹುದಿತ್ತು, ಯಾರೂ ಬೇಡ ಅನ್ನಲ್ಲ ಅಂದರು. ಆದರೆ ಪವರ್ ಇದ್ದವರು ಅಮ್ಮನ ಪರವಾಗಿ ಸಹಿ ಹಾಕಬಹುದು, ಓಡಾಡಬಹುದು. ಕೋರ್ಟ್ ಅನುಮತಿ ಕೊಡದೆ ವಕೀಲರ ಥರ ವಾದ ಮಾಡುವ ಹಾಗಿಲ್ಲ. ಇನ್ನೂ ಒಂದು. ಅಮ್ಮನಿಗೆ ಮಾತ್ರ ಗೊತ್ತಿರುವ ವಿಷಯಕ್ಕೆ ನಾನು ಸಾಕ್ಷಿ ಹೇಳಿದರೆ ಅದು ನಡೆಯುವುದಿಲ್ಲ. ಸುಪ್ರೀಂ ಕೋರ್ಟ್ 2004ರ ಕೊನೆಯಲ್ಲೇ ಅದನ್ನು ಹೇಳಿದೆಯಂತೆ. ಅಂದರೆ ಕಟಕಟೆ ಹತ್ತಬೇಕಾದವರು ಅಮ್ಮನೇ. ಸವೆದ ಮಂಡಿ ಸಮೇತ.

ಸಿಟಿ ಸಿವಿಲ್ ಕೋರ್ಟ್ ಸಂಕೀರ್ಣ ಮೈಸೂರು ಬ್ಯಾಂಕ್ ಸರ್ಕಲ್ ಹತ್ತಿರ. ನಾನು ಬೆಳಗಿನ ರೈಲಿಗೆ ಮೈಸೂರಿನಿಂದ ಬಂದು, ಮೆಜೆಸ್ಟಿಕ್‌ನಿಂದ ನಡೆದು ಹೋಗುತ್ತಿದ್ದೆ. ಸ್ಮಾಲ್ ಕಾಸಸ್ ಜಡ್ಜ್‌ಗಳೇ ವಾಹನ ಅಪಘಾತದ ಪರಿಹಾರದ ಕೇಸುಗಳನ್ನೂ ನೋಡುತ್ತಾರೆ. ಹಾಗಾಗಿ ಆ ಕಾರಿಡಾರಿನ ತುಂಬ ಊರುಗೋಲು, ಕಾಲಿಗೆ ರಾಡು ಹಾಕಿಸಿಕೊಂಡವರು, ಗಂಡನ ಫೋಟೋ ಹಿಡಿದ ಹೆಂಗಸರು. ಅವರ ನಡುವೆ ಬಾಡಿಗೆ ಜಗಳದ ಫೈಲ್ ಹಿಡಿದು ಕೂರೋಕೆ ನನಗೆ ಒಂಥರಾ ಆಗುತ್ತಿತ್ತು. ಹೆಸರು ಕೂಗುತ್ತಾರೆ, ಒಳಗೆ ಹೋಗಿ ಕೈ ಮುಗಿಯುವಷ್ಟರಲ್ಲಿ ಮುಂದಿನ ತಾರೀಕು ಬಂದಿರುತ್ತದೆ. ಹೆಚ್ಚಿನ ವಾಯಿದೆಗಳ ಬಗ್ಗೆ ಹೇಳೋಕೆ ಇಷ್ಟೇ ಇರೋದು. ನಾಲ್ಕೈದು ಸಲ ಸುಮ್ನೆ ರಜೆ ಹಾಕಿ ಬಂದಮೇಲೆ 'ನೀವು ಎಲ್ಲದಕ್ಕೂ ಬರಬೇಡಿ, ಇ-ಕೋರ್ಟ್ಸ್ ಆ್ಯಪ್‌ನಲ್ಲಿ ತಾರೀಕು ನೋಡ್ಕೊಳ್ಳಿ' ಅಂದರು ವಕೀಲರು.

ಮೇಲಿನ ಮನೆಯವರ ಲಿಖಿತ ಹೇಳಿಕೆ ಬಂದಿದ್ದು ಡಿಸೆಂಬರಿಗೆ. ಅದನ್ನು ಓದಿ ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಈ ಮನೆಯನ್ನು ನಮಗೇ ಮಾರುವುದಾಗಿ ಮಾತಾಗಿದೆ, ಮೂರು ಲಕ್ಷ ನಗದು ಕೊಟ್ಟಿದ್ದೇವೆ, ಅದಕ್ಕೇ ಬಾಡಿಗೆ ನಿಲ್ಲಿಸಿದ್ದು ಅಂತ. ಒಬ್ಬಟ್ಟು ಕೊಟ್ಟ ಕೈ! ನನಗೆ ಮೈಯೆಲ್ಲ ಉರಿಯಿತು. ವಕೀಲರು ಮಾತ್ರ ಪುಟ ತಿರುಗಿಸುತ್ತಾ, 'ಇದು ಎಲ್ಲ ಕೇಸಲ್ಲೂ ಬರುತ್ತೆ, ಬರದಿದ್ರೇ ಆಶ್ಚರ್ಯ' ಅಂದರು. ಕಾಗದವಿಲ್ಲದ ಬಾಯಿಮಾತಿನ ಕರಾರು ಹಿಡಿದು ಮನೆಯಲ್ಲಿ ಕೂರೋಕಾಗುವುದಿಲ್ಲ. ಬಾಡಿಗೆಗೆ ಅಂತ ಒಳಗೆ ಬಂದವರು ಮಾಲೀಕರ ಹಕ್ಕನ್ನೇ ಇಲ್ಲ ಅನ್ನುವ ಹಾಗೂ ಇಲ್ಲ. ನಮ್ಮ ಕಡೆಯೂ ಒಂದು ತೂತು ಇತ್ತು. 2018ರ ಅಗ್ರಿಮೆಂಟನ್ನು ನೂರು ರೂಪಾಯಿ ಛಾಪಾ ಕಾಗದದಲ್ಲಿ ಮುಗಿಸಿದ್ದೆವು, ಶುಲ್ಕ ಸಾಲದು ಅಂತ ಆಕ್ಷೇಪಣೆ ಬಂತು. ಬಾಕಿ ಶುಲ್ಕ ಮತ್ತು ಅದರ ಹತ್ತು ಪಟ್ಟು ದಂಡ ಕಟ್ಟಿದ ಮೇಲೆಯೇ ಅದು ದಾಖಲೆಯಾಗಿದ್ದು. ಮೊತ್ತ ಸಣ್ಣದು, ಆದರೆ ಅದಕ್ಕೆ ಎರಡು ವಾಯಿದೆ ಹೋಯಿತು.

2023ರ ಜೂನ್. ಅಮ್ಮನ ಪಾಟೀ ಸವಾಲು, ಅಂದರೆ ಎದುರು ಕಡೆ ವಕೀಲರು ಅಮ್ಮನನ್ನು ಪ್ರಶ್ನೆ ಕೇಳುವ ದಿನ.

ಹಿಂದಿನ ಸಂಜೆ ವಕೀಲರು ಫೋನಿನಲ್ಲಿ ಹೇಳಿದ್ದು ಮೂರೇ ಮಾತು. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಮಗಳ ಕಡೆ ನೋಡಬೇಡಿ. ಅಮ್ಮ ರೇಷ್ಮೆ ಅಂಚಿನ ಸೀರೆ ಉಟ್ಟು, ಮದುವೆಗೆ ಹೊರಟ ಹಾಗೆ ಹೊರಟರು. ಜಡ್ಜ್ ಅವರ ನಡಿಗೆ ನೋಡಿ ಕುರ್ಚಿ ಹಾಕಿಸಿದರು.

ಎದುರು ಕಡೆ ವಕೀಲರು ವಯಸ್ಸಾದವರು, ಗಟ್ಟಿ ದನಿ. ಮೊದಲು ವಾಲ್ವಿನ ವಿಷಯ ಎತ್ತಿದರು. ಅಮ್ಮ 'ಹೌದು ಸ್ವಾಮಿ, ತಪ್ಪಾಯ್ತು, ಎರಡು ದಿನ ನೀರು ನಿಲ್ಸಿದ್ವಿ' ಅಂದರು. ಅಷ್ಟು ನೇರ ಉತ್ತರ ಅವರು ನಿರೀಕ್ಷಿಸಿರಲಿಲ್ಲ, ಮುಂದಿನ ಮೂರು ಪ್ರಶ್ನೆ ಬಿಟ್ಟೇಬಿಟ್ಟರು ಅನಿಸುತ್ತೆ. ಆಮೇಲೆ ಜೂನ್ ರೆಂಟಿನ ಥ್ಯಾಂಕ್ಸ್. 'ಅದು ನಾನು ಹಾಕಿದ್ದಲ್ಲ. ನಂಗೆ ಇಂಗ್ಲಿಷ್ ಬರಲ್ಲ.' ನಾನು ನೆಲ ನೋಡುತ್ತಾ ಕೂತೆ.

ಕೊನೆಗೆ ಮೂರು ಲಕ್ಷ. 'ಪ್ರತಿವಾದಿ ನಿಮಗೆ ನಗದು ಕೊಟ್ಟಿದ್ದು ನಿಜ, ನೀವು ಈಗ ಸುಳ್ಳು ಹೇಳ್ತಿದ್ದೀರಿ ಅಂದ್ರೆ?'

ಅಮ್ಮ ವಕೀಲರನ್ನು ನೋಡಲಿಲ್ಲ. ಹಿಂದೆ ಬೆಂಚಿನಲ್ಲಿ ಕೂತಿದ್ದ ಮೇಲಿನ ಮನೆಯವರನ್ನೇ ನೋಡಿ, 'ನೀನೇ ಹೇಳಪ್ಪ, ಕೊಟ್ಟಿದ್ದೀಯಾ?' ಅಂದರು.

ಜಡ್ಜ್ 'ಅಮ್ಮ, ನೀವು ಅವರನ್ನ ಕೇಳೋ ಹಾಗಿಲ್ಲ' ಅಂದರು. ಅದನ್ನು ಟೈಪ್ ಮಾಡಿಸಲೂ ಇಲ್ಲ. ದಾಖಲೆಯಲ್ಲಿ ಇರುವುದು 'ಸೂಚನೆ ಸರಿಯಲ್ಲ' ಅನ್ನುವ ಎರಡೇ ಪದ, ಅಂದರೆ ಆ ವಕೀಲರು ಹೇಳಿದ್ದು ನಿಜವಲ್ಲ ಅಂತ. ಆದರೆ ಆ ಮನುಷ್ಯ ತಲೆ ತಗ್ಗಿಸಿದ್ದನ್ನು ನಾನು ನೋಡಿದೆ, ಅವರ ವಕೀಲರೂ ನೋಡಿದರು. ಹದಿನೈದು ದಿನಕ್ಕೆ ಅವರ ಕಡೆಯಿಂದಲೇ 'ಮಾತಾಡಿ ನೋಡೋಣ' ಅಂತ ಬಂತು.

ಕೋರ್ಟ್ ನಮ್ಮನ್ನು ಬೆಂಗಳೂರು ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಿತು. ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲ ಕಟ್ಟಡ. ಹೈಕೋರ್ಟಿನ ಆಶ್ರಯದಲ್ಲಿ 2007ರಿಂದ ನಡೆಯುತ್ತಿರುವ ಕೇಂದ್ರ. ಕಟಕಟೆ ಇಲ್ಲ, ದುಂಡು ಮೇಜು, ನೀರಿನ ಬಾಟಲಿ. ನನ್ನ ಪ್ರಕಾರ ವಕೀಲರು ಅತಿ ಹೆಚ್ಚು ಕೆಲಸಕ್ಕೆ ಬಂದಿದ್ದು ಇಲ್ಲೇ. ಎಲ್ಲರೂ ಸ್ವಲ್ಪ ಅತ್ತು, ಸ್ವಲ್ಪ ನಕ್ಕು, ಏಪ್ರಿಲಿಗೆ ಬಿಡ್ತೀವಿ ಅಂದಾಗ ನಾನು ಅಲ್ಲೇ ಕೈ ಕುಲುಕಿ ಎದ್ದು ಬರುತ್ತಿದ್ದೆ. ನಮ್ಮ ವಕೀಲರು ಎದ್ದೇಳಲಿಲ್ಲ, ಷರತ್ತುಗಳನ್ನು ಬರೆಸಿದರು. ಮಕ್ಕಳ ಪರೀಕ್ಷೆ ಮುಗಿಯಲಿ, 2024ರ ಏಪ್ರಿಲ್ 30ಕ್ಕೆ ಖಾಲಿ. ಅಲ್ಲಿವರೆಗೆ ತಿಂಗಳು ತಿಂಗಳು 18,000. ಅಲ್ಲಿಗೆ ನಿಂತಿದ್ದ 13 ತಿಂಗಳ ಬಾಕಿ 2,34,000ದಲ್ಲಿ ಅಡ್ವಾನ್ಸ್ ಒಂದೂವರೆ ಲಕ್ಷ ಕಳೆದು 84,000. ಹೇಳಿದ ದಿನಕ್ಕೆ ಬಿಟ್ಟರೆ ಅಮ್ಮ ಅದನ್ನು ಬಿಡುತ್ತಾರೆ, ಬಿಡದಿದ್ದರೆ ಪೂರ್ತಿ ವಸೂಲಿ. ತಪ್ಪಿದರೆ ಹೊಸ ದಾವೆ ಬೇಕಿಲ್ಲ, ನೇರ ಅಮಲ್ಜಾರಿ, ಅಂದರೆ ಕೋರ್ಟಿನ ಮೂಲಕವೇ ಜಾರಿ. ತಡೆಯಾಜ್ಞೆ ಕೇಸು ವಾಪಸ್. ಮಾರಾಟದ ಮಾತು ಇರಲೇ ಇಲ್ಲ ಅಂತ ಅವರ ಸಹಿ. ಕೊನೆಯ ಸಾಲಿಗೆ ಆ ಮನುಷ್ಯ ಪೆನ್ನು ಹಿಡಿದು ತುಂಬ ಹೊತ್ತು ಕೂತರು. ರಾಜಿ ಪತ್ರದ ಮೇಲೆ ಕೋರ್ಟಿನಲ್ಲಿ ಡಿಕ್ರಿಯಾಯಿತು.

ಏಪ್ರಿಲ್ 28ಕ್ಕೇ ಲಾರಿ ಬಂತು. ನಾನು ಒಂದೊಂದು ರೂಮಿನ ವಿಡಿಯೋ ಮಾಡಿದೆ, ಮೀಟರ್ ರೀಡಿಂಗ್ ಬರೆದುಕೊಂಡೆ. ಬಚ್ಚಲಿನ ಬೇಸಿನ್ ಸೀಳಿತ್ತು, ಅಮ್ಮ ಇರಲಿ ಬಿಡು ಅಂದರು. ಹೆಂಡತಿ ಅಮ್ಮನ ಕಾಲಿಗೆ ಬಿದ್ದು ಹೋದರು. ಗಂಡ ಬೀಗದಕೈ ಕೊಟ್ಟು, ಹೋಗದೆ ಮೆಟ್ಟಿಲ ಹತ್ತಿರವೇ ನಿಂತರು.

'ಮೇಡಂ, ಒಂದು ಸಹಾಯ. ಹೊಸ ಮನೆ ಓನರ್ ನನ್ನ ಹೆಸರು ಹಾಕಿ ಕೋರ್ಟ್ ಸೈಟಲ್ಲಿ ನೋಡಿದ್ದಾರೆ. ಕೇಸು ಯಾಕೆ ಅಂತ ಕೇಳ್ತಿದ್ದಾರೆ. ಎಲ್ಲ ಮುಗಿದಿದೆ, ಏನೂ ಬಾಕಿ ಇಲ್ಲ ಅಂತ ಎರಡು ಸಾಲು ಬರೆದುಕೊಡ್ತೀರಾ?'

ಅಮ್ಮ 'ಅಯ್ಯೋ, ಬರೆದುಕೊಡೇ' ಅಂದರು. ನಾನು ಒಳಗೆ ಹೋಗಿ ಬಿಳಿ ಹಾಳೆ, ಪೆನ್ನು ತಂದೆ. ಮೇಜಿನ ಮೇಲೆ ಇಟ್ಟೆ. ಆಮೇಲೆ ವಕೀಲರಿಗೆ ಫೋನ್ ಹಚ್ಚಿ, ಅವರು ಎತ್ತುವವರೆಗೂ ಪೆನ್ನಿನ ಮುಚ್ಚಳ ತೆಗೆಯಲಿಲ್ಲ.